ಅರವತ್ತನೆಯ ದಿನದ ಕೊಬ್ಬರಿ

ಕೊಬ್ಬರಿ ಒಣಗಿಸುವ ಯಂತ್ರವೊಂದರ ಕೆಲಸಕ್ಕೆ ಚನ್ನರಾಯಪಟ್ಟಣದ ಕಡೆ ಹೋಗಿದ್ದೆ. ಬಿಸಿ, ಗಾಳಿ, ದಿನ ಇವು ಮೂರೂ ಎಷ್ಟೆಷ್ಟಿದ್ದರೆ ಕೊಬ್ಬರಿಯ ಗುಣ ಗರಿಷ್ಠವಾಗುತ್ತದೆ ಎಂದು ನನ್ನ ಲ್ಯಾಪ್‌ಟಾಪಿನ ತಂತ್ರಾಂಶ ಹುಡುಕಿಕೊಡುತ್ತಿತ್ತು. ಪರೀಕ್ಷೆಗೆಂದು ಜಯಮ್ಮ ಎಂಬ ತೋಟದ ಯಜಮಾನಿ ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಬಿಟ್ಟಿದ್ದ ಕಾಯಿಗಳನ್ನೆಲ್ಲ ಇಳಿಸಬೇಕಿತ್ತು. ಆಕೆ ಏಣಿಗೆ ಅಡ್ಡ ನಿಂತರು.

"ನಿಮ್ಮ ಮಿಷಿನ್ನು ಏನಂತದೆ, ಮೊದ್ಲು ಯೋಳಿ ಸಾ."

"ಅರವತ್ತು ದಿನ ಒಣಗಿಸಿದರೆ ಸಾಕು ಅನ್ನುತ್ತೆ."

"ಎಷ್ಟ್ ದಿನದಗಂಟ ಉಡುಕು ಅಂತ ಯೋಳಿದ್ರಿ ಅದ್ಕೆ?"

"ಒಂದರಿಂದ ಅರವತ್ತು."

ಆಕೆ ನಗಲೂ ಇಲ್ಲ. "ನೀವು ಬೇಲಿ ಆಕಿದ್ರೆ ಅಸ ಬೇಲಿಗಂಟ ಬಂದು ನಿಂತ್ಕತದೆ. ಮೇವು ಆಚೆಗದೆ ಕಣಪ್ಪ."

ಆಮೇಲೆ ಅಟ್ಟದಿಂದ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. "ಇದು ಆರು ತಿಂಗ್ಳುದ್ದು." ಇನ್ನೊಂದರಲ್ಲಿ ಒಣಗಿದ ಕೊಬ್ಬರಿ ಗಿಟುಕು ಗಡಗಡ ಉರುಳಿತು. "ಇದು ವರ್ಷದ್ದು."

ಕಾಯಿ ಇಳಿಸದೆ ವಾಪಸಾದೆ. ತಂತ್ರಾಂಶದ ತಪ್ಪೇನೂ ಇರಲಿಲ್ಲ, ನಾನು ಬಿಟ್ಟಷ್ಟು ಜಾಗದಲ್ಲಿ ಅದು ಸರಿಯಾಗಿಯೇ ಹುಡುಕಿತ್ತು. ಅರವತ್ತೇ ಯಾಕೆ ಎಂದು ಜಯಮ್ಮ ಕೇಳಲಿಲ್ಲ, ಪುಣ್ಯ. ನನ್ನ ವರದಿಗೆ ಕೊಟ್ಟಿದ್ದ ಗಡುವು ಅಷ್ಟೇ ದಿನದ್ದು.