ಹತ್ತುವಾಗ ಬಿಸಿಯಾದ ಚಕ್ರ

ಹೋದ ತಿಂಗಳು ನೀವೆಲ್ಲ ಹೊರನಾಡಿಗೆ ಹೋಗಿ ಬಂದು ಅಂಗಳದಲ್ಲಿ ಕಾರು ನಿಲ್ಲಿಸಿದಾಗ ನಾನು ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ನೀವು ಇಳಿಯುವ ಮೊದಲೇ ಆ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಕಾದ ಕಬ್ಬಿಣದ ಮೇಲೆ ಏನೋ ಕರಗಿದ ಹಾಗೆ... ಎಂಥ ವಾಸನೆ ಎಂದು ಕೇಳಿದೆ. ಇಳಿಜಾರಿನಲ್ಲಿ ಬ್ರೇಕು ಬಿಸಿಯಾಗಿದೆ ಅಷ್ಟೆ ಅಜ್ಜಿ, ಈಗಿನ ಕಾರುಗಳಿಗೆ ಅದೆಲ್ಲ ಏನೂ ಅಲ್ಲ ಎಂದು ನೀವು ನಕ್ಕಿರಿ. ನಾನೂ ನಕ್ಕೆ. ಎದುರು ನಿಂತು ಮಾತಾಡಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇದೆ, ಅದರಲ್ಲೇ ಬರೆದಿಡುತ್ತೇನೆ.

ನಾನು ಹೇಳುವುದು ನಡೆದಾಗ ನಿಮ್ಮ ಅಮ್ಮನಿಗೆ ಆರು ವರ್ಷ, ಮಾವನಿಗೆ ಮೂರು. ನಿಮ್ಮ ಅಜ್ಜನ ಬಳಿ ಅವರ ತಂದೆಯ ಕಾಲದ ಒಂದು ಬೂದು ಬಣ್ಣದ ಕಾರಿತ್ತು. ಅದರ ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು ಬರುತ್ತಿತ್ತು. ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಅವರು ಎದ್ದು ಹೋಗುತ್ತಿದ್ದರು. ಆ ಕಾರಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಎಂದರೆ ಚಕ್ರದೊಳಗೆ ಬೋಗುಣಿಯಂಥ ಒಂದು ಕಬ್ಬಿಣ, ಅದರೊಳಗೆ ಎರಡು ಪಟ್ಟಿಗಳು ಹೊರಕ್ಕೆ ಸರಿದು ಉಜ್ಜಿ ಚಕ್ರವನ್ನು ನಿಲ್ಲಿಸುತ್ತವೆ. ಬಿಸಿಯೆಲ್ಲ ಒಳಗೇ ಉಳಿಯುತ್ತದೆ. ಅದಕ್ಕೇ ಚಾರ್ಮಾಡಿ ಘಾಟಿ ಇಳಿಯುವವರೆಲ್ಲ ನಡುವೆ ಗುಡಿಯ ಹತ್ತಿರ ನಿಲ್ಲಿಸಿ, ಬಂಡೆಯಿಂದ ಬೀಳುವ ನೀರನ್ನು ಕ್ಯಾನಿನಲ್ಲಿ ಹಿಡಿದು ಚಕ್ರಗಳಿಗೆ ಹೊಯ್ಯುತ್ತಿದ್ದರು. ದೇವರಿಗೆ ಕೈ ಮುಗಿಯುವುದು, ಚಕ್ರಕ್ಕೆ ನೀರು ಹೊಯ್ಯುವುದು, ಎರಡೂ ಒಂದೇ ಪದ್ಧತಿಯ ಹಾಗೆ ನಡೆದು ಬಂದಿತ್ತು.

ಒಂದು ಸಲ ಗುಡಿ ಸಿಗುವ ಮೊದಲೇ ನಮ್ಮ ಬ್ರೇಕು ಹೋಯಿತು. ನಿಮ್ಮ ಅಜ್ಜ ಒತ್ತಿದ ಪೆಡಲು ತಳಕ್ಕೆ ಹೋಗಿ ಅಲ್ಲೇ ಕುಳಿತಿತು. ಅವರು ಗೇರು ಇಳಿಸಿ, ಕೈಬ್ರೇಕು ಎಳೆದು, ಕಾರನ್ನು ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಮೊಣಕಾಲೆತ್ತರದ ಕಲ್ಲುಗಳು, ಅದರಾಚೆ ಮರಗಳ ತುದಿ ಮಾತ್ರ. ನಿಮ್ಮ ಅಮ್ಮ ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಆವತ್ತಿನಿಂದ ಘಾಟಿ ಎಂದರೆ ನನಗೆ ಹೆದರಿಕೆ.

ಹಾಗೆ ನಾವು ಗ್ಯಾರೇಜಿನವರ ಹತ್ತಿರ ಹೋದದ್ದು. ಅವರ ಹೆಸರು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ, ಈಗಲೂ ಬರೆಯುವುದಿಲ್ಲ. ಬಣಕಲ್ಲಿನ ರಸ್ತೆ ಬದಿಯಲ್ಲಿ ತಗಡಿನ ಮಾಡಿನ ಒಂದು ಗ್ಯಾರೇಜು. ಐವತ್ತರ ಸುಮಾರಿನ, ಕಡಿಮೆ ಮಾತಿನ ಮನುಷ್ಯ. ನಡೆಯುವಾಗ ಸ್ವಲ್ಪ ಬಾಗಿ ನಡೆಯುತ್ತಿದ್ದರು, ಯಾವಾಗಲೂ ಬಾನೆಟ್ಟಿನ ಕೆಳಗೇ ಇದ್ದಾರೇನೋ ಎನ್ನುವ ಹಾಗೆ. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕೋಣ, ಅದು ತೆರೆದ ತಟ್ಟೆ, ಎರಡು ಬದಿಯಿಂದ ಇಕ್ಕಳದ ಹಾಗೆ ಹಿಡಿಯುತ್ತದೆ, ಗಾಳಿ ತಾಗಿ ಬೇಗ ತಣಿಯುತ್ತದೆ ಎಂದು ಅವರೇ ಹೇಳಿದ್ದು. ಮಂಗಳೂರಿನ ಗುಜರಿಯಿಂದ ಯಾವುದೋ ಕಾರಿನ ಸಾಮಾನು ತರಿಸಿ, ಸರಿಹೊಂದದ ಕಡೆ ಕಬ್ಬಿಣದ ಪಟ್ಟಿ ಮಾಡಿಸಿ ಕೂರಿಸಲು ಮೂರು ವಾರ ಹಿಡಿಯಿತು. ನಮ್ಮ ಕಡೆ ಹಳೆಯ ಕಾರಿಗೆ ಹಾಗೆ ಮಾಡಿದವರು ಬೇರೆ ಯಾರೂ ಇರಲಿಲ್ಲ. ಅವರೂ ಅದೇ ಮೊದಲ ಸಲ ಮಾಡಿದ್ದಂತೆ. ಅದು ನನಗೆ ಆಮೇಲೆ ಗೊತ್ತಾದದ್ದು.

ಕಾರು ಮನೆಗೆ ಬಂದದ್ದು ಒಂದು ಮಂಗಳವಾರ ಸಂಜೆ. ಶುಕ್ರವಾರ ಬೆಳಿಗ್ಗೆ ನಾವು ಉಜಿರೆಗೆ ಹೊರಡಬೇಕಿತ್ತು, ನಿಮ್ಮ ಅಜ್ಜನ ಅಕ್ಕನ ಮಗಳ ಮದುವೆಗೆ. ನಾವಿಬ್ಬರು, ಎರಡು ಮಕ್ಕಳು, ನಮ್ಮ ಅತ್ತೆ. ಘಾಟಿ ಇಳಿದೇ ಹೋಗಬೇಕು. ನಿಮ್ಮ ಅಜ್ಜ ಹುರುಪಿನಲ್ಲಿ ಅಂಗಳಕ್ಕೆ ಕಾರು ತಂದು ನಿಲ್ಲಿಸಿ, ಹಳೆಯ ಅಭ್ಯಾಸದಂತೆ, ಚಕ್ರಕ್ಕೆ ಒಂದು ಕೊಡ ನೀರು ತಾ ಎಂದರು. ತಂದುಕೊಟ್ಟೆ. ಹೊಯ್ದರು. ಮುಂದಿನ ಚಕ್ರದೊಳಗಿಂದ ಚುಂಯ್ ಎಂದು ಹಬೆ ಎದ್ದಿತು. ಆ ಸುಟ್ಟ ವಾಸನೆಯೂ ಬಂತು.

ನಾನು ಖಾಲಿ ಕೊಡ ಹಿಡಿದು ಹಾಗೇ ನಿಂತೆ. ಬಣಕಲ್ಲಿನಿಂದ ನಮ್ಮ ಮನೆಗೆ ದಾರಿಯೆಲ್ಲ ಏರು. ಹತ್ತುವಾಗ ಬ್ರೇಕು ಯಾಕೆ ಒತ್ತುತ್ತಾರೆ? ಒತ್ತದ ಬ್ರೇಕು ಬಿಸಿಯಾಗುವುದು ಹೇಗೆ? ಇದನ್ನು ಮೆಲ್ಲಗೆ ಕೇಳಿಯೂ ಕೇಳಿದೆ. ಹೊಸದಲ್ಲವಾ, ಉಜ್ಜಿಕೊಳ್ಳುವವರೆಗೆ ಹಾಗೇ ಎಂದರು ನಿಮ್ಮ ಅಜ್ಜ. ಮತ್ತೊಮ್ಮೆ ಕೇಳಿದ್ದಕ್ಕೆ, "ನಿಂಗೆ ಬದನೆಕಾಯಿ ಬೆಂದಿದ್ಯಾ ಇಲ್ವಾ ಅಂತ ಗೊತ್ತಾಗ್ತದೆ ಮಾರಾಯ್ತಿ, ಇದು ಬೇರೆ" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮೂರನೆಯ ಸಲ ಕೇಳುವ ಧೈರ್ಯ ನನಗಿರಲಿಲ್ಲ.

ಆ ರಾತ್ರಿ ಮಕ್ಕಳ ನಡುವೆ ಮಲಗಿ ಚಾರ್ಮಾಡಿಯ ತಿರುವುಗಳನ್ನು ಒಂದೊಂದಾಗಿ ನೆನೆದೆ. ಹತ್ತುವಾಗಲೇ ಹೀಗೆ ಕಾಯುವ ಚಕ್ರ ಇಳಿಯುವಾಗ ಏನಾದೀತು... ಎರಡು ಮಕ್ಕಳ ಉಸಿರು ಎರಡು ಕಡೆ ಕೇಳುತ್ತಿತ್ತು.

ಮಾರನೆಯ ದಿನ ಟೈಲರ್ ಹತ್ತಿರ ರವಿಕೆ ತರಬೇಕು ಎಂದು ಅತ್ತೆಗೆ ಹೇಳಿ ಬಸ್ಸು ಹತ್ತಿದೆ. ರವಿಕೆ ನಿಜವಾಗಿಯೂ ಇತ್ತು. ಅದನ್ನು ತೆಗೆದುಕೊಂಡು ಗ್ಯಾರೇಜಿನ ಮುಂದೆ ಒಮ್ಮೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಒಳಗೆ ನಾಲ್ಕೈದು ಗಂಡಸರು ಕುಳಿತಿದ್ದರು. ಹೊರಗಿನ ಗಂಡಸರ ಜೊತೆ ನಾನಾಗಿ ಮಾತಾಡಿದವಳೇ ಅಲ್ಲ. ಗಂಡ ಹಾಕಿಸಿದ ಬ್ರೇಕು ಸರಿಯಿಲ್ಲ ಎಂದು ಹೆಂಡತಿ ಬಂದು ಹೇಳಿದರೆ ಊರಲ್ಲಿ ಅವರ ಮರ್ಯಾದೆ ಏನಾದೀತು ಎನ್ನುವ ಹೆದರಿಕೆ ಬೇರೆ. ಮೂರನೆಯ ಸಲ ಹೋಗುವಾಗ ಗ್ಯಾರೇಜಿನವರೇ ನೋಡಿ ಎದ್ದು ಬಂದರು. ಯಜಮಾನ್ರು ಕಳಿಸಿದ್ರಾ ಅಮ್ಮ ಎಂದು ಕೇಳಿದರು. ಅಲ್ಲ ಎಂದು ತಲೆಯಾಡಿಸಿ, ನೆಲ ನೋಡುತ್ತಾ, ಚಕ್ರ ಬಿಸಿಯಾಗ್ತದೆ ಎಂದೆ.

ಒಳಗಿದ್ದ ಜೀಪಿನ ಡ್ರೈವರ್ ಒಬ್ಬ, "ಅಮ್ಮಾವ್ರೂ ಮೆಕ್ಯಾನಿಕ್ ಆದ್ರಾ? ಇನ್ನು ನಿಮ್ಗೆ ಗ್ಯಾರೇಜ್ ಮುಚ್ಚೋದೇ ಸೈ" ಎಂದ. ಉಳಿದವರು ನಕ್ಕರು. ನಾನು ತಿರುಗಿ ಹೊರಟೇಬಿಟ್ಟಿದ್ದೆ. ಗ್ಯಾರೇಜಿನವರು ನಗಲಿಲ್ಲ. ನನ್ನ ಜೊತೆ ರಸ್ತೆವರೆಗೆ ಬಂದು, ಒಳಗಿದ್ದವರಿಗೆ ಕೇಳಿಸದ ಹಾಗೆ ಒಂದೇ ಮಾತು ಕೇಳಿದರು.

"ಇಳಿಯುವಾಗ್ಲಾ ಅಮ್ಮ, ಹತ್ತುವಾಗ್ಲಾ?"

"ಹತ್ತುವಾಗ."

ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಣ್ಣ ಇಳಿದುಹೋಯಿತು. ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತರು. ಆಮೇಲೆ, ನೀವು ಬಸ್ಸಿಗೆ ಹೋಗಿ ಎಂದಷ್ಟೇ ಹೇಳಿದರು.

ಅವತ್ತು ಮಧ್ಯಾಹ್ನವೇ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ನಡೆದು ಬಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ, ನಾನು ಗ್ಯಾರೇಜಿಗೆ ಹೋಗಿದ್ದೆ ಎಂದು ಎಲ್ಲಿ ಹೇಳಿಬಿಡುತ್ತಾರೋ ಎನ್ನುವ ಹೆದರಿಕೆಯಲ್ಲಿ. ಅವರು ನಿಮ್ಮ ಅಜ್ಜನಿಗೆ ಹೇಳಿದ್ದು ಹೀಗೆ: "ನನ್ನಿಂದ ಒಂದು ತಪ್ಪಾಗಿದೆ ಸ್ವಾಮಿ. ರಾತ್ರಿ ಮಲಗಿದಾಗ ನೆನಪಾಯ್ತು. ಒಂದು ವಾಲ್ವ್ ತೆಗೀಬೇಕಿತ್ತು, ಬಿಟ್ಟಿದೀನಿ."

ಆ ವಾಲ್ವಿನ ವಿಷಯ ಅವರು ಹೇಳಿದಷ್ಟು ನಾನು ಹೇಳುತ್ತೇನೆ. ಡ್ರಮ್ ಬ್ರೇಕಿನಲ್ಲಿ ಕಾಲು ತೆಗೆದ ಮೇಲೂ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಯಬೇಕಂತೆ. ಅದಕ್ಕೆ ಒಂದು ಸಣ್ಣ ವಾಲ್ವ್ ಇರುತ್ತದೆ. ಡಿಸ್ಕಿಗೆ ಅದು ಇರಲೇಬಾರದು. ಇದ್ದರೆ ಇಕ್ಕಳ ತಟ್ಟೆಯನ್ನು ಬಿಡುವುದೇ ಇಲ್ಲ, ಉಜ್ಜುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ. ಬ್ರೇಕಿನ ಎಣ್ಣೆ ಕುದಿದರೆ ಪೆಡಲು ಮತ್ತೆ ತಳಕ್ಕೆ. ಮೂವತ್ತು ವರ್ಷ ಡ್ರಮ್ಮನ್ನೇ ಬಿಚ್ಚಿ ಕಟ್ಟಿದ ಕೈ, ಅದನ್ನು ಇದ್ದಲ್ಲೇ ಬಿಟ್ಟುಬಿಟ್ಟಿತ್ತು.

ನಿಮ್ಮ ಅಜ್ಜ ಬಹಳ ಬೈದರು. ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು ಮಾರಾಯ, ನಿನಗೆ ಎಂತ ಆಗಿತ್ತು ಎಂದು ಕೇಳಿದರು. ಗ್ಯಾರೇಜಿನವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಅಮ್ಮಾವ್ರು ಬಂದು ಹೇಳಿದ್ದು ಎನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ವಾಲ್ವನ್ನು ಅಲ್ಲಿಂದ ತೆಗೆದು, ಹಿಂದಿನ ಡ್ರಮ್ಮುಗಳಿಗೆ ಹೋಗುವ ಪೈಪಿಗೆ ಹಾಕಿದರು. ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯಬೇಕು, ಅದಕ್ಕೆ ಒಬ್ಬರು ಪೆಡಲು ಒತ್ತಬೇಕು. ಅಷ್ಟರಲ್ಲಿ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಬಂದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹತ್ತಿರ ಏನೋ ತೊಂದರೆ ಎಂದು ನಿಮ್ಮ ಅಜ್ಜನನ್ನು ಕರೆದುಕೊಂಡು ಹೋದ. ಹೋಗುವಾಗ, ಇವಳನ್ನೇ ಕೂರಿಸಿಕೋ ಎಂದು ಹೇಳಿ ಹೋದರು. ಹಾಗೆ ನಾನು ಜೀವನದಲ್ಲಿ ಮೊದಲ ಸಲ ಡ್ರೈವರಿನ ಸೀಟಿನಲ್ಲಿ ಕುಳಿತೆ. ಅವರು ಚಕ್ರದ ಹತ್ತಿರ ನೆಲಕ್ಕೆ ಮಲಗಿ, ಒತ್ತಿ ಹಿಡೀರಿ ಎನ್ನುವರು. ನಾನು ಒತ್ತುವೆ. ಬಿಡಿ ಎನ್ನುವರು. ಬಿಡುವೆ. ಮೊದಮೊದಲು ಪೆಡಲು ಹಸಿ ಹಿಟ್ಟನ್ನು ತುಳಿದ ಹಾಗಿತ್ತು. ನಾಲ್ಕೂ ಚಕ್ರ ಮುಗಿಯುವಾಗ ಕಲ್ಲು ತುಳಿದ ಹಾಗಾಯಿತು.

ಅತ್ತೆ ಒಳಗಿದ್ದರು. ಗ್ಯಾರೇಜಿನವರು ಎದ್ದು, ಕಿಟಕಿಯ ಹತ್ತಿರ ಬಂದು, "ಅಮ್ಮ, ನೀವು ಹೇಳದೆ ಇದ್ದಿದ್ರೆ..." ಎಂದು ನಿಲ್ಲಿಸಿದರು. ನಾನು ಸ್ಟೇರಿಂಗನ್ನೇ ನೋಡುತ್ತಿದ್ದೆ. ಆಮೇಲೆ ಹೇಳಿದರು: "ಇನ್ನೊಂದಿದೆ. ಯಜಮಾನ್ರು ಗುಡಿ ಹತ್ರ ನಿಲ್ಲಿಸಿ ನೀರು ಹೊಯ್ಯೋಕೆ ಹೋಗ್ತಾರೆ. ಕಾದ ತಟ್ಟೆ ತಣ್ಣೀರಿಗೆ ಸೀಳು ಬಿಡ್ತದೆ. ನಾನು ಹೇಳ್ತೀನಿ, ಆದ್ರೆ ಅವ್ರ ಕೈ ಕೇಳಲ್ಲ. ನೀವು ಬಿಡಬೇಡಿ."

ಅವರು ನಿಮ್ಮ ಅಜ್ಜನಿಗೂ ಹೇಳಿದರು. ತಾನೂ ಶುಕ್ರವಾರ ಜೊತೆಗೆ ಬರುತ್ತೇನೆ ಎಂದೂ ಕೇಳಿಕೊಂಡರು. ಕಾರಿನಲ್ಲಿ ಜಾಗ ಎಲ್ಲಿದೆ ಮಾರಾಯ, ಹೋಗು ಎಂದು ನಿಮ್ಮ ಅಜ್ಜ ಕಳಿಸಿಬಿಟ್ಟರು.

ಶುಕ್ರವಾರ ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಯಿತು. ಪ್ರತಿ ತಿರುವಿನಲ್ಲೂ ನಿಮ್ಮ ಅಜ್ಜನ ಬಲಗಾಲನ್ನೇ ನೋಡುತ್ತಿದ್ದೆ, ಪೆಡಲು ಎಷ್ಟು ಕೆಳಗೆ ಹೋಗುತ್ತದೆ ಎಂದು. ಎದುರಿಗೆ ಮಂಜು. ಒಂದು ಕಡೆ ಮಂಜಿನೊಳಗಿಂದ ಲಾರಿಯೊಂದು ರಸ್ತೆ ತುಂಬ ಅಗಲವಾಗಿ ಬಂತು. ಕಾಲು ಒತ್ತಿತು. ಕಾರು ನಿಂತಿತು. ಲಾರಿ ನಮ್ಮನ್ನು ಸವರಿಕೊಂಡು ಹೋಯಿತು. ಅತ್ತೆ ಎಲೆಅಡಿಕೆ ಚೀಲ ಬಿದ್ದುಹೋಯಿತು ಎಂದು ಗೊಣಗಿದರು. ಅವರಿಗೆ ಏನೂ ಗೊತ್ತೇ ಆಗಲಿಲ್ಲ.

ಗುಡಿಯ ಹತ್ತಿರ ನಿಲ್ಲಿಸಿದೆವು. ಕೈ ಮುಗಿದೆವು. ನಿಮ್ಮ ಅಜ್ಜ ಡಿಕ್ಕಿಯಿಂದ ಕ್ಯಾನು ತೆಗೆದು ನೀರು ಹಿಡಿದು ತಂದರು, ಅವರ ಕೈಗೆ ಬೇರೆ ಗೊತ್ತಿರಲಿಲ್ಲ. ಸುತ್ತ ಎಲ್ಲರೂ ಹೊಯ್ಯುತ್ತಿದ್ದರು. ಅತ್ತೆಯ ಎದುರು, ಪರ ಊರಿನವರ ಎದುರು, ನಾನು ಹೋಗಿ ಕ್ಯಾನಿನ ಹಿಡಿ ಹಿಡಿದುಕೊಂಡೆ. ಬೇಡ ಎಂದೆ. ಅವರು ನನ್ನ ಮುಖ ನೋಡಿದರು. ನಾನು ಹಿಡಿ ಬಿಡಲಿಲ್ಲ. ಆಮೇಲೆ ಅವರಿಗೂ ನೆನಪಾಯಿತೇನೋ, ಆ ನೀರಿನಲ್ಲಿ ಮುಖ ತೊಳೆದುಕೊಂಡರು.

ನಾನು ಗ್ಯಾರೇಜಿಗೆ ಹೋಗಿದ್ದು ನಿಮ್ಮ ಅಜ್ಜನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗ್ಯಾರೇಜಿನವರನ್ನು ಆಮೇಲೆ ಎಷ್ಟೋ ಸಲ ಬಣಕಲ್ಲಿನಲ್ಲಿ ಕಂಡೆ. ಅವರು ತಲೆ ಬಾಗಿಸುವರು, ನಾನು ಸೆರಗು ಸರಿಮಾಡಿಕೊಂಡು ಮುಂದೆ ಹೋಗುವೆ. ನನ್ನ ಗುಟ್ಟು ಕಾಯ್ದದ್ದಕ್ಕೆ ಒಂದು ಮಾತು ಆಡಬೇಕಿತ್ತು. ನಾಳೆ, ಮುಂದಿನ ಸಂತೆಗೆ ಎಂದುಕೊಳ್ಳುತ್ತಾ...

ಆ ವಾಸನೆ ಬಂದ ಮಾರನೆಯ ವಾರ, ಬಣಕಲ್ಲಿಗೆ ಕರೆದುಕೊಂಡು ಹೋಗು ಎಂದು ನಿಮ್ಮಲ್ಲಿ ದೊಡ್ಡವನನ್ನು ಕೇಳಿದೆನಲ್ಲ, ಅದು ಇದಕ್ಕೇ. ಗ್ಯಾರೇಜಿದ್ದ ಜಾಗದಲ್ಲಿ ಈಗ ಬೇಕರಿ ಇದೆ. ಅವರು ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಇಷ್ಟು ಹತ್ತಿರದಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಬೇಕರಿಯ ಹಿಂದಿನ ಮನೆಯಲ್ಲಿ ಅವರ ಹೆಂಡತಿ ಇದ್ದಾರೆ. ನಾನು ಯಾರು ಎಂದು ಹೇಳಿದ ಕೂಡಲೇ, ಬೂದು ಕಾರಿನವರಾ ಎಂದು ಕೈ ಹಿಡಿದು ಕೂರಿಸಿದರು.

ಆ ಶುಕ್ರವಾರದ ಮಾತನ್ನು ಅವರೇ ತೆಗೆದರು. ಗಂಡನಿಗೆ ಘಾಟಿಯ ಬಸ್ಸು ಆಗಿಬರುತ್ತಿರಲಿಲ್ಲವಂತೆ, ಎರಡು ತಿರುವಿಗೇ ವಾಂತಿ. ಅದಕ್ಕೇ ಕೆಳಗೆ ಹೋಗುತ್ತಿದ್ದದ್ದೇ ಇಲ್ಲ. ಆವತ್ತು ಬೆಳಿಗ್ಗೆ ಮಾತ್ರ ಗ್ಯಾರೇಜಿಗೆ ಬೀಗ ಹಾಕಿ, ನಮ್ಮ ಕಾರಿನ ಹಿಂದೆಯೇ ಹೊರಟ ಬಸ್ಸನ್ನು ಹತ್ತಿದರಂತೆ. ಬಂದು ರಾತ್ರಿ ಹೇಳಿದ್ದನ್ನು ಆಕೆ ನನಗೆ ಹೇಳಿದರು.

"ಕಿಟಕಿ ಹತ್ರ ಕೂತು, ಒಂದೊಂದು ತಿರುವಿಗೂ ಕೆಳಗೆ ಇಣುಕಿ ನೋಡ್ತಾ ಹೋದ್ರಂತೆ, ಎಲ್ಲಾದ್ರೂ ಬೂದು ಬಣ್ಣ ಕಾಣ್ತದಾ ಅಂತ. ಉಜಿರೆಯಲ್ಲಿ ಮದುವೆ ಮನೆ ಎದುರು ನಿಮ್ಮ ಕಾರು ನಿಂತಿದ್ದು ಕಂಡ್ಮೇಲೆ, ರಸ್ತೆ ಬದಿ ಕೂತು ಅತ್ತುಬಿಟ್ರಂತೆ. ಒಳಗೆ ಬರ್ಲಿಲ್ಲ. ಬಂದ ಬಸ್ಸಿಗೇ ವಾಪಸ್ಸು."

ಅಷ್ಟು ವರ್ಷ, ಆ ದಾರಿಯಲ್ಲಿ ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ನಿಮ್ಗೂ ಹೆದರಿಕೆ ಆಗಿತ್ತಾ ಅಮ್ಮ?" ಎಂದು ಆಕೆ ಕೇಳಿದರು.

"ತುಂಬ ಆಗಿತ್ತು" ಎಂದೆ.

ಅಷ್ಟು ಮಾತನ್ನು ನಾನು ಯಾರ ಎದುರೂ ಆಡಿರಲಿಲ್ಲ. ಆಡಿದಾಗ ಅದನ್ನು ಕೇಳಬೇಕಾಗಿದ್ದ ಗ್ಯಾರೇಜಿನವರು ಇರಲಿಲ್ಲ.