ಬದುಕಿದ್ದವರಿಗೆ ಬಡಿಸಿದ ಎಲೆ

ಎರಡು ಸಾವಿರದ ಆರರ ಸುಮಾರಿಗೆ, ನಾನು ಕುಂದಾಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ನನ್ನ ಎಡಮೊಣಕಾಲಿನ ಕೆಳಗೆ ಮೂಳೆಯೊಳಗೇ ಒಂದು ಪೊಳ್ಳು ಕಾಣಿಸಿಕೊಂಡಿತು. ಕ್ಯಾನ್ಸರ್ ಅಲ್ಲ, ಆದರೆ ತುಂಬಿಸದಿದ್ದರೆ ಕಾಲು ಮುರಿಯುತ್ತದೆ ಎಂದರು, ಶನಿವಾರ ಶನಿವಾರ ಬ್ರಹ್ಮಾವರಕ್ಕೆ ಬರುತ್ತಿದ್ದ ಮೂಳೆ ಡಾಕ್ಟರು. ತುಂಬಿಸುವುದು ಬೇರೆಯವರ ಮೂಳೆಯ ಚೂರುಗಳನ್ನಂತೆ. ಗಾಮಾ ಕಿರಣ ಹಾಯಿಸಿ ಕ್ರಿಮಿ ಕೊಂದಿರುತ್ತಾರಂತೆ.

"ಕತ್ತಲಲ್ಲಿ ಕಾಲು ಹೊಳೆಯುತ್ತದಾ?" ಎಂದು ಕೇಳಿಯೇ ಬಿಟ್ಟೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಬ್ಬಿ ನಡುವೆ ನುಗ್ಗಿದಳು. ಅಬ್ಬಿ ಎಂದರೆ ನನ್ನ ಅಮ್ಮ. ಕಡಲ ದಂಡೆಯ ಕೋಡಿ ಊರಿನಲ್ಲಿ ಮೀನು ಒಣಗಿಸಿ ಮಾರುವವಳು.

"ಹುಚ್ಚ್ ಹೆಣ್ಣೆ, ಒಣ್ಗ್ಸಿದ್ ಮೀನೊಳ್ಗೆ ಬಿಸ್ಲ್ ಉಳಿತ್ತಾ?" ಎಂದವಳು ಡಾಕ್ಟರ ಕಡೆ ತಿರುಗಿದಳು. "ಆರೆ ಡಾಕ್ಟ್ರೆ, ಬಿಸ್ಲ್ ಹೆಚ್ಚಾರೆ ಮೀನ್ ಪುಡಿ ಆತ್ತ್. ನಿಮ್ದ್ ಹ್ಯಾಂಗೆ?"

ಡಾಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೂಳೆಗೂ ಹಾಗೇ, ಕಿರಣ ಅತಿಯಾದರೆ ಗಟ್ಟಿತನ ಹೋಗುತ್ತದೆ, ಅದಕ್ಕೇ ಅಳೆದು ಹಾಯಿಸುತ್ತಾರೆ ಎಂದರು. ಒಳಗಿನ ಜಾಲರಿ ಗಟ್ಟಿ ಉಳಿದರೆ ಅದನ್ನು ಹಿಡಿದುಕೊಂಡು ನನ್ನ ಮೂಳೆ ಬೆಳೆಯುತ್ತದೆ. ಬೆಳೆಯದಿದ್ದರೆ ಮತ್ತೆ ಕೊಯ್ಯಬೇಕು, ಜನ್ಮಪೂರ್ತಿ ಕುಂಟಬೇಕಾದೀತು. ಆ ಮಾತಿಗೆ ನನ್ನ ನಗು ನಿಂತಿತು.

ಆಪರೇಷನ್ ಆಯಿತು. ಊರುಗೋಲು ಬಂತು. ಹತ್ತು ತಿಂಗಳಾಗುವಾಗ ಹಿರಿಯರಿಗೆ ಬಡಿಸುವ ದಿನವೂ ಬಂತು. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟದ್ದೆಲ್ಲ ಮಾಡಿ ಎಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುವುದು ಕ್ರಮ. ಆ ವರ್ಷ ಅಬ್ಬಿ ಎಲೆ ಹೆಚ್ಚು ಹಾಕಿದಳು.

"ಎಲ್ಬ್ ಕೊಟ್ಟೋರ್ ಹಸ್ಕಂಡ್ ಕೂಕಂಡ್ರೆ ಆ ಎಲ್ಬ್ ನಿನ್ ಕಾಲಿಗೆ ಹಿಡುದ್ ಹ್ಯಾಂಗೆ?"

ಆದರೆ ಕೊಟ್ಟವರು ಮೀನು ತಿನ್ನುವವರೋ ಅಲ್ಲವೋ? ಅದಕ್ಕೆ ಒಂದಲ್ಲ, ಎರಡು ಎಲೆ. ಒಂದಕ್ಕೆ ಬಂಗುಡೆ ಸಾರು, ಇನ್ನೊಂದಕ್ಕೆ ಸೌತೆಕಾಯಿ ಹುಳಿ. ಗಂಡೋ ಹೆಣ್ಣೋ ಗೊತ್ತಿಲ್ಲವೆಂದು ವೀಳ್ಯದ ಪಕ್ಕ ಒಂದು ಬೀಡಿಯನ್ನೂ ಇಟ್ಟಳು. ಮುಚ್ಚಿದ ಬಾಗಿಲ ಹೊರಗೆ ನಿಂತು ನಾನು ಬಿದ್ದು ಬಿದ್ದು ನಕ್ಕೆ. ಬೆನ್ನಿಗೊಂದು ಗುದ್ದು ಸಿಕ್ಕಿತು. ಬಂಗುಡೆ ಮಾತ್ರ ಆಮೇಲೆ ನನ್ನ ಪಾಲಿಗೇ ಬಂತು.

ಮರುತಿಂಗಳು ಬ್ರಹ್ಮಾವರಕ್ಕೆ ಹೋದೆವು. ತುಂಬಿಸಿದ ಮೂಳೆ ಕಾಲಿಗೆ ಹಿಡಿದಿದೆಯೋ ಇಲ್ಲವೋ ಆವತ್ತು ಗೊತ್ತಾಗಬೇಕು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುತ್ತಿದ್ದ ಹಾಗೇ ಅಬ್ಬಿ ಹೆಮ್ಮೆಯಿಂದ ಎಲೆಯ ಕತೆ ಬಿಚ್ಚಿದಳು. ಅವರ ಕೈ ಅಲ್ಲೇ ನಿಂತಿತು.

"ಅಮ್ಮಾ, ಇದು ಸತ್ತವರದ್ದಲ್ಲ. ಯಾರದೋ ಸೊಂಟದ ಕೀಲು ಬದಲಿಸುವಾಗ ತೆಗೆದ ಮೂಳೆ, ಅವರೇ ದಾನ ಕೊಟ್ಟದ್ದು."

ಅಬ್ಬಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವ್ರೆ, ಜೀಂವ ಇದ್ದೋರಿಗೆ ಎಲೆ ಬಡ್ಸಿದ್ನಲೆ! ಅವ್ರ್ ಮನೆ ಎಲ್ ಹೇಳಿ, ಕಾಲ್ ಹಿಡ್ಕಂಡ್ ಬತ್ತೆ."

"ಅದು ನಮಗೂ ಗೊತ್ತಿರುವುದಿಲ್ಲ."

"ಡಾಕ್ಟ್ರೆ, ನನ್ನ ಕಾಲು?" ಎಂದೆ. ಯಾರಿಗೂ ಕೇಳಲಿಲ್ಲ.

"ಸತ್ತರೆಂದು ಸುಳ್ಳು ಸುದ್ದಿ ಹುಟ್ಟಿದರೆ ಆಯಸ್ಸು ಹೆಚ್ಚುತ್ತದೆ ಅಂತಾರಲ್ಲ," ಎಂದು ಡಾಕ್ಟರು ಸಮಾಧಾನ ಮಾಡಿದರು. "ನೀವು ಎರಡು ಎಲೆ ಹಾಕಿದ್ದೀರಿ."

ಅಬ್ಬಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಹಾಂಗಾರೆ ನೂರ್ ದಾಟೂದೇ ಸೈ."

"ನನ್ನ ಕಾಲು!" ಎಂದು ಕಿರುಚಿದೆ.

ಡಾಕ್ಟರು ಎಕ್ಸ್‌ರೇಯ ಮೇಲೆ ಬೆರಳಿಟ್ಟರು. ಮೊದಲು ಅಲ್ಲಿ ಚೂರುಗಳ ಸುತ್ತ ಗೆರೆಯಿತ್ತು. ಈಗ ಇಲ್ಲ. ಯಾವುದು ಕೊಟ್ಟವರದು, ಯಾವುದು ನನ್ನದು ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. "ಕೋಲು ಬಿಡು. ಓಡಿದರೂ ಅಡ್ಡಿಯಿಲ್ಲ," ಎಂದರು.

ಹೊರಗೆ ಬಂದರೆ ಕುಂದಾಪುರದ ಬಸ್ಸು ಹೊರಡುತ್ತಿತ್ತು. "ಹೋಪ, ಹೋಪ!" ಎಂದು ಅಬ್ಬಿ ಸೆರಗು ಸಿಕ್ಕಿಸಿ ಓಡಿದಳು. ಹನ್ನೊಂದು ತಿಂಗಳು ನನ್ನ ಬೆನ್ನ ಹಿಂದೆಯೇ ಹೆಜ್ಜೆ ಹಾಕಿದವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೆ ಖುಷಿಗೆ ಅಳು ಬಂತು. ಅಳುತ್ತಾ ನಗುತ್ತಾ ನಾನೂ ಓಡಿದೆ.

"ಒಬ್ರೆಯಾ?" ಎಂದು ಕಂಡಕ್ಟರು ಕೇಳಿದರು.

"ಇಬ್ರ್!" ಎಂದಳು ಅಬ್ಬಿ, ಬಸ್ಸಿಗೆಲ್ಲ ಕೇಳುವ ಹಾಗೆ. "ನನ್ ಮಗ್ಳ್ ಓಡ್ಕಂಡ್ ಬತ್ತಾ ಇತ್ತ್ ಕಾಣಿ!"