ಹವಾಮಾಮ

ಈ ವಾರವೆಲ್ಲ ಜಡಿಮಳೆ. ಅಡುಗೆಮನೆಯ ಹೊಸಿಲಿಗೆ ಹಳೆಯ ಗೋಣಿಚೀಲ ಹಾಸಿದ್ದೆ. ಬೆಳಿಗ್ಗೆ ನೋಡಿದರೆ ನೀರು ಕುಡಿದು ಗಮ್ಮೆನ್ನುತ್ತಿತ್ತು. ಎತ್ತಿ ಹಿಂಡಲು ಹೋದವಳಿಗೆ ಅಂಗನವಾಡಿಯ ಬಾಗಿಲು ನೆನಪಾಯಿತು. ಅಲ್ಲೂ ಇಂಥದ್ದೇ ಗೋಣಿ, ಇದೇ ವಾಸನೆ. ಜೊತೆಗೆ ಟೀಚರಮ್ಮ...

ನಮ್ಮದು ಕುಂದಾಣದ ಹತ್ತಿರದ ಹಳ್ಳಿ. ಮಗಳಿಗೆ ಆಗ ನಾಲ್ಕು ತುಂಬುತ್ತಿತ್ತು. ಮನೆಯಲ್ಲಿದ್ದಾಗ ಅವಳ ಬಾಯಿಗೆ ಬಿಡುವಿರಲಿಲ್ಲ, ಕೋಳಿಗಳನ್ನೂ ಕೂರಿಸಿಕೊಂಡು ಕತೆ ಹೇಳುತ್ತಿದ್ದಳು. ಬೀದಿಗೆ ಬಂದರೆ ತುಟಿ ಹೊಲಿದ ಹಾಗೆ. ದೇವನಹಳ್ಳಿಯ ಒಂದು ಶಾಲೆಗೆ ಎಲ್‌ಕೆಜಿ ಸೇರಿಸಲು ಕರೆದುಕೊಂಡು ಹೋದಾಗ ಚಿತ್ರದ ಪುಸ್ತಕ ಮುಂದಿಟ್ಟು ಇದೇನು, ಅದೇನು ಎಂದು ಕೇಳಿದರು. ಇವಳು ನೆಲ ನೋಡಿಕೊಂಡು ನಿಂತಳು. ಮಾತು ಬಂದ ಮೇಲೆ ಕರೆತನ್ನಿ ಎಂದು ಕಳಿಸಿಬಿಟ್ಟರು. ಅತ್ತೆ ಡಾಕ್ಟರಿಗೆ ತೋರಿಸು ಎನ್ನತೊಡಗಿದರು. ಮುಂದಿನ ವರ್ಷವೂ ಹೀಗೇ ಆದರೆ ಇವಳ ಗತಿ ಏನು ಎಂಬುದೊಂದೇ ನನ್ನ ಚಿಂತೆ. ಬೇರೆ ದಾರಿ ಕಾಣದೆ ಊರಿನ ಅಂಗನವಾಡಿಗೆ ಬಿಟ್ಟೆ.

ಅಲ್ಲಿ ಹಾಜರಿ ಆದ ಕೂಡಲೇ ಹವಾಮಾನದ ಪಾಠ. ಗೋಡೆಗೆ ಬಿಸಿಲು, ಮೋಡ, ಮಳೆ, ಗಾಳಿಯ ಚಿತ್ರಗಳನ್ನು ತೂಗುಹಾಕಿದ್ದರು. ಹಿಮದ ಚಿತ್ರವೂ ಒಂದಿತ್ತು. ಅದು ಸೋಪಿನ ನೊರೆ ಎಂದು ಮಕ್ಕಳು ತೀರ್ಮಾನಿಸಿದ್ದರು, ಟೀಚರಮ್ಮ ತಿದ್ದಲು ಹೋಗಿರಲಿಲ್ಲ. ದಿನಕ್ಕೊಂದು ಮಗು ಅಂಗಳಕ್ಕೆ ಹೋಗಿ, ಆಕಾಶ ನೋಡಿ, ಗೋಣಿಯ ಮೇಲೆ ಕಾಲೊರೆಸಿಕೊಂಡು ಒಳಗೆ ಬಂದು ಹೊರಗೆ ಹೇಗಿದೆ ಎಂದು ಎಲ್ಲರಿಗೂ ಹೇಳಬೇಕು. ಹವಾಮಾನ ಎಂಬ ಮಾತು ಆ ಪುಟ್ಟ ನಾಲಿಗೆಗಳಲ್ಲಿ ಹವಾಮಾಮ ಆಗಿತ್ತು. ಹಾಗಾಗಿ ಹೋಗಿಬರುವ ಮಗುವೇ ಅವತ್ತಿನ ಹವಾಮಾಮ. ಹುಡುಗಿಯಾದರೂ ಮಾಮನೇ. ಮಾಮ ಹೇಳುವವರೆಗೆ ಬೇರೆ ಯಾರೂ ಕಿಟಕಿಯಲ್ಲಿ ಇಣುಕುವಂತಿರಲಿಲ್ಲ.

ಮಗಳ ಸರದಿ ಬಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ತುಂತುರು ಬೀಳುತ್ತಿತ್ತು. ಹೋದಳು, ಬಂದಳು, ಸುಮ್ಮನೆ ನಿಂತಳು. ಹೇಳೇ ಎಂದು ಗದರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಒದ್ದೆ ಅಂಗೈಯನ್ನು ಟೀಚರಮ್ಮನ ಕೆನ್ನೆಗೆ ಒತ್ತಿದಳು. ಮಳೆಯಂತೆ ಕಣ್ರೋ ಎಂದು ಅವರು ಮಕ್ಕಳಿಗೆ ಸಾರಿ ಮಳೆಯ ಚಿತ್ರ ಮುಂದೆ ತಂದರು. ಇವಳು ಏನೂ ಹೇಳಲೇ ಇಲ್ಲವಲ್ಲ ಎಂದು ನಾನು ಗೊಣಗಿದೆ.

"ಹೇಳಿದ್ಳಲ್ಲಮ್ಮ, ನಿಮ್ಗೆ ಕೇಳಿಸ್ಲಿಲ್ವಾ?" ಎಂದರು.

ನನಗೆ ಸಿಟ್ಟೇ ಬಂತು. ನನ್ನ ಸಂಕಟ ಇವರಿಗೆ ತಮಾಷೆಯಾಗಿದೆ ಎನಿಸಿತು.

ಆಮೇಲೂ ಅವಳ ಸರದಿ ಬರುತ್ತಲೇ ಇತ್ತು. ಬಿಸಿಲಿದ್ದರೆ ಬಿಸಿಯಾದ ನೆತ್ತಿ ಮುಟ್ಟಿಸುವಳು, ಗಾಳಿಯಿದ್ದರೆ ಕೆದರಿದ ಕೂದಲು ತೋರಿಸುವಳು. ಟೀಚರಮ್ಮ ಒಮ್ಮೆಯೂ ಬಾಯಿ ಬಿಡು ಎನ್ನಲಿಲ್ಲ. ಹಾಗೆಂದು ಸರದಿ ತಪ್ಪಿಸಲೂ ಇಲ್ಲ.

ಮಾಗಿಯ ಒಂದು ಬೆಳಿಗ್ಗೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಬಸ್ಸಿನ ಹಾರನ್ ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಮಗಳನ್ನು ಕೈಹಿಡಿದು ಕರೆತಂದ ನಾನು ಸ್ವಲ್ಪ ಹೊತ್ತು ಅಲ್ಲೇ ಉಳಿದಿದ್ದೆ. ಅವತ್ತು ಅವಳದೇ ಸರದಿ. ಅಂಗಳದಿಂದ ದಿನವೂ ಕಾಣುವ ನಂದಿ ಬೆಟ್ಟದ ಸುಳಿವೇ ಇರಲಿಲ್ಲ. ಕಾಲೊರೆಸುವುದನ್ನೂ ಮರೆತು ಓಡಿಬಂದಳು.

"ಮಿಸ್, ಬೆಟ್ಟ ಇಲ್ಲ! ಯಾರೋ ಎತ್ಕೊಂಡೋಗವ್ರೆ."

ಟೀಚರಮ್ಮ ಶಹಬ್ಬಾಸ್ ಎನ್ನಲಿಲ್ಲ, ಎತ್ತಿ ಮುದ್ದಾಡಲಿಲ್ಲ. ಹೌದಾ, ನಡೀರಿ ನೋಡೋಣ ಎಂದು ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಹೊರಟರು, ಇವಳು ದಿನವೂ ಮಾತಾಡುವವಳೇ ಎಂಬಂತೆ. ಬೆಟ್ಟ ಎಲ್ಲಿ ಹೋಯಿತೆಂದು ಅಂಗಳದಲ್ಲಿ ದೊಡ್ಡ ಚರ್ಚೆ. ಅದರಲ್ಲಿ ಮಗಳ ದನಿಯೂ ಕೇಳುತ್ತಿತ್ತು. ನಾನು ಗೋಡೆಯ ಕಡೆ ತಿರುಗಿಕೊಂಡು ಅತ್ತುಬಿಟ್ಟೆ.

ಹೋದ ತಿಂಗಳು ಟೀಚರಮ್ಮ ತೀರಿಕೊಂಡರು. ನಿವೃತ್ತರಾದ ಮೇಲೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಮಗನ ಜೊತೆ ಇದ್ದರು. ಸುದ್ದಿ ತಿಳಿದು ನಾನೂ ಮಗಳೂ ಹೋದೆವು. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ನೀವು ಯಾರು ಗೊತ್ತಾಗಲಿಲ್ಲ ಎಂದು ಅವರ ಮಗ ಕೇಳಿದಾಗ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ನಾನು ನೆಲ ನೋಡಿಕೊಂಡು ನಿಂತೆ. ಮಗಳೇ ಮುಂದೆ ಹೋದಳು.

"ಮನೆಯಿಂದಾಚೆ ನಾನು ಮೊದಲ್ನೇ ಸಲ ಮಾತಾಡಿದ್ದು ಇವ್ರ ಹತ್ರಾನೇ ಅಂಕಲ್," ಎಂದಳು.

ಆಮೇಲೆ ನಾನು ಹೇಳಬೇಕೆಂದಿದ್ದನ್ನೆಲ್ಲ ಅವಳೇ ನಿಂತು, ಒಂದೂ ಬಿಡದೆ ಹೇಳಿದಳು. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಟೀಚರಮ್ಮನೊಬ್ಬರಿಗೆ ಕೇಳಿಸಲಿಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.